ನಲ್ಲಿ ಸಮೇತ ಬಿಡಿಸಿದ ಕ್ಯಾನು

ನ್ಯೂಟ್ರಾನುಗಳು ಭಾವನವರ ಬರಿಗಣ್ಣಿಗೆ ಕಾಣುತ್ತಿದ್ದವು. ಕಾಣುವುದೇನು, ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ಕೈಮುಗಿದು ಹೋಗುತ್ತಿದ್ದವು! ಹಾಗಂತ ಅವರೇ ಪ್ರಯೋಗಾಲಯದ ತುಂಬ ಸಾರಿಕೊಂಡು ತಿರುಗುತ್ತಿದ್ದರು. ಹೆಂಡತಿಯ ತಂಗಿ ಅಲ್ಲೇ ಕೆಲಸಕ್ಕೆ ಸೇರಿ "ಭಾವ" ಎಂದದ್ದೇ ತಡ, ಇಡೀ ಕಟ್ಟಡಕ್ಕೇ ಅವರು ಭಾವನಾಗಿಬಿಟ್ಟಿದ್ದರು.

ಇಬ್ಬರದೂ ಒಂದೇ ಕೆಲಸ. ನ್ಯೂಟ್ರಾನುಗಳನ್ನು ಎಣಿಸುವ ಡಿಟೆಕ್ಟರನ್ನು ಗೋಡೆ, ಮೇಜು ಸಮೇತ ಕಂಪ್ಯೂಟರಿನೊಳಗೆ ಕಟ್ಟಿ, ಕೋಟಿಗಟ್ಟಲೆ ಹುಸಿ ನ್ಯೂಟ್ರಾನುಗಳನ್ನು ಅದಕ್ಕೆ ಹೊಡೆದು, ನಿಜವಾದ ಡಿಟೆಕ್ಟರು ಏನು ಹೇಳೀತೆಂದು ಮೊದಲೇ ಗ್ರಾಫು ಬಿಡಿಸುವುದು. ನಾದಿನಿಯ ಗ್ರಾಫು ಅಳತೆಯ ಚುಕ್ಕೆಗಳ ಮೇಲೆ ಹೇಳಿ ಹೊಲಿಸಿದ ಅಂಗಿಯಂತೆ ಕೂರುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೆ ಹೆಂಡತಿಯದೂ ಅದೇ ರಾಗ: "ನಮ್ಮ ಪುಟ್ಟಿ ಬಿಡಿಸಿದ್ದು ಎಷ್ಟು ಚಂದ ಇದೆ ನೋಡ್ರೀ!" ಆಗ ಭಾವನ ಹೊಟ್ಟೆಯಲ್ಲೇಳುತ್ತಿದ್ದ ಕಿಚ್ಚಿಗೆ ಬೀದಿಯ ದೀಪಗಳೆಲ್ಲ ಹತ್ತಿಕೊಳ್ಳಬೇಕಿತ್ತು.

ದೊಡ್ಡ ಪ್ರಯೋಗಕ್ಕೆ ಯಾರ ಲೆಕ್ಕ ಬಳಸುವುದೆಂದು ತೀರ್ಮಾನವಾಗುವ ದಿನ ಭಾವ ಎಲ್ಲರಿಗಿಂತ ಮೊದಲು ಬಂದು, ಕುಡಿಯುವ ನೀರಿನ ಕ್ಯಾನನ್ನು ಡಿಟೆಕ್ಟರಿನ ಹಿಂದಿನ ಕಪ್ಪು ಬಟ್ಟೆಯ ಮರೆಗೆ ತಳ್ಳಿದರು. ನೀರಿಗೆ ಬಡಿದ ನ್ಯೂಟ್ರಾನುಗಳಲ್ಲಿ ಕೆಲವು ಸೋತು ಸುಣ್ಣವಾಗಿ ವಾಪಸು ಬರುತ್ತವೆ. ಡಿಟೆಕ್ಟರು ಅವನ್ನೂ ಎಣಿಸುತ್ತದೆ. ನಾದಿನಿಯ ಲೆಕ್ಕದಲ್ಲಿ ಆ ನೀರಿಲ್ಲ. ಭಾವನ ಲೆಕ್ಕದಲ್ಲಿ ಮೊದಲೇ ಸೇರಿತ್ತು.

ನಿಜವಾದ ನ್ಯೂಟ್ರಾನುಗಳನ್ನು ಹಾಯಿಸಿ ಅಳೆದಾಗ ಅಂದುಕೊಂಡಂತೆಯೇ ಆಯಿತು. ಪುಟ್ಟಿಯ ಗ್ರಾಫು ಒಂದು ಮೂಲೆಯಲ್ಲಿ ಜಾರಿತು. ಭಾವನದು ಅಚ್ಚು ಹೊಡೆದಂತೆ ಕೂತಿತು.

"ಇದು ಹೇಗ್ರೀ ಹೊಂದಿತು?" ಎಂದರು ಪ್ರಯೋಗಾಲಯದ ಮುಖ್ಯಸ್ಥೆ.

"ವಾಪಸ್ ಬರೋವೂ ನಂಗೆ ಕಾಣ್ತವೆ ಮೇಡಂ. ಕಣ್ಣಾರೆ!"

"ಕಾಣಲಿ ಬಿಡಿ. ನೀವು ಕಟ್ಟಿರೋ ಕೋಣೆ ಸ್ವಲ್ಪ ತಿರುಗಿಸಿ ತೋರಿಸಿ."

ಭಾವ ಮೌಸನ್ನು ಅಂಗೈಯಡಿ ಮುಚ್ಚಿಕೊಂಡರು. ಮುಖ್ಯಸ್ಥೆಯೇ ಅದನ್ನು ತೆಗೆದುಕೊಂಡು ತಿರುಗಿಸಿದರು. ಏನೇ ಬಿಡಿಸಿದರೂ ಅರೆಬರೆ ಬಿಡಿಸಿ ಅಭ್ಯಾಸವಿಲ್ಲದ ಭಾವ! ತೆರೆಯ ಮೇಲೆ ಡಿಟೆಕ್ಟರಿನ ಹಿಂದೆ ನೀಲಿ ಕ್ಯಾನು ಹಿಡಿಕೆ, ಮುಚ್ಚಳ, ನಲ್ಲಿ ಸಮೇತ ರಾಜಗಾಂಭೀರ್ಯದಿಂದ ಕೂತಿತ್ತು.

ಪುಟ್ಟಿ ಎದ್ದು ಹೋಗಿ, ನ್ಯೂಟ್ರಾನುಗಳು ಹೊಮ್ಮುವ ಮೂಲವನ್ನು ಮುಚ್ಚಿಟ್ಟು, ಕಪ್ಪು ಬಟ್ಟೆ ಸರಿಸಿದಳು. "ಅಯ್ಯೋ ಭಾವ, ನಲ್ಲಿ ಬಿಡಿಸದಿದ್ರೆ ಏನಾಗ್ತಿತ್ತು?"

"ನಲ್ಲಿ ಇಲ್ದೆ ಅದು ಕ್ಯಾನೇ ಅಲ್ಲ," ಎಂದುಬಿಟ್ಟರು ಭಾವ. ಆಮೇಲೆ ನೆಲ ನೋಡಿದರು. "ನಾನೇ ಇಟ್ಟೆ ಮೇಡಂ. ಪುಟ್ಟಿ ಲೆಕ್ಕವೇ ಸರಿ. ನ್ಯೂಟ್ರಾನ್ ಬಿಡಿ, ಕನ್ನಡಕ ತೆಗೆದ್ರೆ ನಂಗೆ ಈ ಕ್ಯಾನೂ ಕಾಣಲ್ಲ."

ಪುಟ್ಟಿಗೆ ಮಾತ್ರ ಕೇಳುವಷ್ಟು ದನಿ ತಗ್ಗಿಸಿದರು. "ನಿಮ್ಮಕ್ಕ ನಂದೊಂದು ಗ್ರಾಫನ್ನೂ ಚಂದ ಅಂದಿಲ್ಲ ಕಣೇ."