ದೀಪ ದೊಡ್ಡದು ಮಾಡಿದ ಸಂಜೆ

ಶಾಂತಲಿಂಗಪ್ಪನವರು ಸೊಲ್ಲಾಪುರದ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಷ್ಟು ಕಾಲವೂ ಮೇಲಿನವರೆದುರು ಮರಾಠಿಯ 'ಹೋ ಸಾಹೇಬ', ಅಂದರೆ 'ಹೌದು ಸಾಹೇಬ', ಬಿಟ್ಟು ಬೇರೆ ಮಾತಾಡಿದವರಲ್ಲ. ಅಂಥವರ ಹೊಟ್ಟೆಯಲ್ಲಿ ಶೈಲಶ್ರೀಯಂಥ ಮಗಳು ಹೇಗೆ ಹುಟ್ಟಿದಳೋ, ಅಕ್ಕಲಕೋಟದ ಅವರ ಓಣಿಗೆ ಇನ್ನೂ ಬಗೆಹರಿದಿಲ್ಲ.

ಶೈಲಶ್ರೀ ನರ್ಸ್ ಆಗಿ ಯುದ್ಧ ನಡೆದಿದ್ದ ದೂರದ ದೇಶಕ್ಕೆ ಹೋದವಳು. ಆ ದೇಶದ ಹೆಸರು ತಾಯಿ ಸೀತಾಬಾಯಿಯ ನಾಲಿಗೆಯ ಮೇಲೆ ಇವತ್ತಿಗೂ ಹೊರಳುವುದಿಲ್ಲ. ಅಲ್ಲಿಯ ಸೈನ್ಯ ಅವಳಿದ್ದ ಆಸ್ಪತ್ರೆಯ ಮೇಲೆ ಬಾಂಬು ಹಾಕಿತು, ಬದುಕುಳಿದ ರೋಗಿಗಳನ್ನು ಲಾರಿಗೆ ತುಂಬಿಕೊಂಡು ಹೋಯಿತು. ಅವರು ಎಲ್ಲಿದ್ದಾರೆಂದು ಯಾರೂ ಬಾಯಿಬಿಡಲಿಲ್ಲ. ಊರಿಗೆ ಮರಳಿದ ಹುಡುಗಿ, ಹಲವು ದೇಶಗಳು ಕೂಡಿ ನೇಮಿಸಿದ ವಿಚಾರಣಾ ಮಂಡಳಿಯ ಬೆನ್ನುಬಿದ್ದಳು. ಕೊನೆಗೆ ವಿಡಿಯೋದಲ್ಲಿ ಅವಳ ಸಾಕ್ಷಿ ಕೇಳಲು ಮಂಡಳಿ ಒಪ್ಪಿತು. ಸಾಕ್ಷಿ ನಿಂತರೆ ತನಿಖೆಗೆ ಜನ ಹೋಗುತ್ತಾರೆ. ಬಿದ್ದರೆ ಆ ರೋಗಿಗಳನ್ನು ಕೇಳುವವರೇ ಇಲ್ಲ.

ಬೇಕಾದ ಭಾಷೆಯಲ್ಲಿ ಹೇಳಬಹುದು, ದುಭಾಷಿ ಕೊಡುತ್ತೇವೆ ಎಂದಿದ್ದರು. ಮರಾಠಿಯೋ ಇಂಗ್ಲಿಷೋ ಎಂದು ಅವಳು ತೂಗುತ್ತಿದ್ದಾಗ ಶಾಂತಲಿಂಗಪ್ಪನವರೇ ಬಾಯಿ ಹಾಕಿದರು.

"ನೀ ಯಾ ಮಾತಿನ್ಯಾಗ ಅಳತಿ, ಆ ಮಾತಿನ್ಯಾಗ ಹೇಳವ್ವಾ. ಅದ್ರಾಗ ಸುಳ್ಳ ಬರಂಗಿಲ್ಲ."

ಆ ಸಂಜೆ ಸೀತಾಬಾಯಿ ದೇವರ ಮುಂದೆ ದೀಪ ಹಚ್ಚಿದರು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಶೈಲಶ್ರೀ ಕನ್ನಡದಲ್ಲೇ ತಡವರಿಸದೆ ಹೇಳುತ್ತ ಹೋದಳು.

"ವಿಮಾನದ ಸಪ್ಪಳ ಬಂತ್ರಿ. ನಾವು ಎಲ್ಲಾ ದೀಪ ದೊಡ್ಡದು ಮಾಡಿ ಕುಂತಿದ್ವಿ."

ದುಭಾಷಿ ಹೊರದೇಶದಲ್ಲೇ ಬೆಳೆದ ಕನ್ನಡದ ಹುಡುಗ. ಇದ್ದದ್ದು ಇದ್ದಂತೆ ಇಂಗ್ಲಿಷಿಗೆ ಇಳಿಸಿಬಿಟ್ಟ. ಬಾಂಬು ಹಾಕಿದ ಸೈನ್ಯದ ಪರ ವಾದಿಸಲು ಕೂತಿದ್ದ ವಕೀಲನಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ತಟ್ಟನೆ ಎದ್ದು ನಿಂತ.

"ಕೇಳಿದಿರಾ? ರಾತ್ರಿ ದೀಪ ದೊಡ್ಡದು ಮಾಡಿ ಶತ್ರುಗಳಿಗೆ ಸನ್ನೆ ಕೊಟ್ಟಿದ್ದಾರೆ. ಅದು ಆಸ್ಪತ್ರೆಯೇ ಅಲ್ಲ."

ಶೈಲಶ್ರೀ "ನೋ, ನೋ" ಎಂದಳು. ಆ ಗದ್ದಲದಲ್ಲಿ ಯಾರೂ ಕಿವಿಗೊಡಲಿಲ್ಲ. ಶಾಂತಲಿಂಗಪ್ಪನವರು ಕುರ್ಚಿ ಬಿಟ್ಟೆದ್ದರು. ಕನ್ನಡದಲ್ಲಿ ಹೇಳು ಎಂದವರು ಅವರು. ದೀಪ 'ಆರಿಸು' ಅನ್ನಬಾರದು, ಅಶುಭ, 'ದೊಡ್ಡದು ಮಾಡು' ಅನ್ನಬೇಕೆಂದು ಚಿಕ್ಕಂದಿನಲ್ಲಿ ಕಲಿಸಿದವರೂ ಅವರೇ. ಧೋತರ ಎತ್ತಿಕಟ್ಟಿ ದೇವರ ಕೋಣೆಗೆ ನುಗ್ಗಿದರು. ಉರಿಯುವ ದೀಪವನ್ನೇ ತಂದು ಕ್ಯಾಮೆರಾದೆದುರು ಹಿಡಿದರು.

"ಸಾಹೇಬ್ರ, ಚೂಕ ಆಗ್ಯಾದ, ತಪ್ಪ ತಿಳಕೊಂಡೀರಿ! ಇಲ್ಲಿ ನೋಡ್ರಿ. ನಮ್ಮ ಮನ್ಯಾಗ ದೀಪ ದೊಡ್ಡದು ಮಾಡೂದಂದ್ರ ಹಿಂಗ."

ಹೂವಿನಿಂದ ಬತ್ತಿಯನ್ನು ಒತ್ತಿದರು. ದೀಪ ನಂದಿ ಹೊಗೆಯೆದ್ದಿತು. ಪರದೆಯ ಮೇಲಿನ ಮುಖಗಳೆಲ್ಲ ಮುಂದಕ್ಕೆ ಬಾಗಿದವು. ದುಭಾಷಿ ಹುಡುಗ ತಪ್ಪು ತಿದ್ದಿಕೊಂಡ. ತನ್ನ ಅಜ್ಜಿಯೂ ಹೀಗೇ ಅನ್ನುತ್ತಿದ್ದಳೆಂದು ಈಗ ನೆನಪಾಯಿತಂತೆ. ಸಾಕ್ಷಿ ಇನ್ನೊಮ್ಮೆ ಬಿಡಿಸಿ ಹೇಳಲಿ ಎಂದಳು ಮಂಡಳಿಯ ಅಧ್ಯಕ್ಷೆ.

ಶೈಲಶ್ರೀ ತಾಯಿಯ ಕಡೆ ನೋಡಿದಳು. ದೀಪದ ಹೊತ್ತಿನಲ್ಲಿ 'ಆರಿಸು' ಎಂಬ ಮಾತಾಡಿದರೆ ಸೀತಾಬಾಯಿ ಸುಮ್ಮನಿರುವವರಲ್ಲ.

"ಹೇಳ," ಎಂದರು ಸೀತಾಬಾಯಿ. "ಗಟ್ಟಿ ಹೇಳ."

"ದೀಪ ಆರಿಸಿದ್ವಿ. ಎಲ್ಲಾ ಆರಿಸಿದ್ವಿ. ಕತ್ತಲ್ಯಾಗ ರೋಗಿಗಳ ಕೈ ಹಿಡಕೊಂಡು ಕುಂತಿದ್ವಿ. ಆದ್ರೂ ಬಾಂಬ್ ಹಾಕಿದ್ರು. ಉಳದವರನ್ನ ಲಾರ್ಯಾಗ ಒಯ್ದಾರ. ಅವ್ರು ಎಲ್ಲಿ ಅದಾರ, ಕೇಳ್ರಿ. ನಿಮ್ಮ ಮಂದಿನ್ನ ಕಳಸ್ರಿ. ನೀವ ಸುಮ್ಮ ಕುಂತ್ರ ಮತ್ಯಾರ ಕೇಳಬೇಕ್ರಿ?"

ವಕೀಲ ಕೂತುಬಿಟ್ಟ. ತನಿಖೆಯ ತಂಡ ಕಳಿಸಲು ಶಿಫಾರಸು ಮಾಡುತ್ತೇವೆ ಎಂದಳು ಅಧ್ಯಕ್ಷೆ.

ಶಾಂತಲಿಂಗಪ್ಪನವರು ನಂದಿದ ದೀಪ ಹಿಡಿದು ನಿಂತೇ ಇದ್ದರು. ಕಣ್ಣು ತುಂಬಿತ್ತು, ಅಷ್ಟು ಹೆಮ್ಮೆ ಅವರಿಗೆ ಯಾವ ಪ್ರಮೋಶನ್ನಿನಲ್ಲೂ ಆಗಿರಲಿಲ್ಲ. ಸೀತಾಬಾಯಿ ಕಡ್ಡಿಪೆಟ್ಟಿಗೆ ತಂದು ಗಂಡನಿಗೆ ಕೊಡದೆ ಮಗಳ ಕೈಗಿಟ್ಟರು.

"ಆರಿಸಿದ್ವಿ ಅಂತ ಜಗತ್ತಿಗಿ ಹೇಳಿದಾಕಿ ನೀನ. ಹಚ್ಚಾಕಿನೂ ನೀನ ಆಗು, ಬಾ."