ಮಹಡಿ ಏರಿದ ಹೊಲಿಗೆ ಮಿಷನ್

ಪ್ರವಾಹದ ತಾಲೀಮು ನಡೆದಾಗಲೆಲ್ಲ ನದಿಯಂಚಿನ ಆ ಕೇರಿಯವರು ಶಾಲೆಯ ಮಹಡಿ ಹತ್ತುತ್ತಿದ್ದರು, ಬಟ್ಟೆ ಹೊಲಿಯುವ ಅತ್ತೆಯೊಬ್ಬಳನ್ನು ಬಿಟ್ಟು. ಸೈರನ್ನಿನ ಹಿಡಿಕೆ ತಿರುಗಿಸುವ ಹೊಣೆ ಅವಳ ಸೊಸೆಯದೇ. ಕೇರಿಗೆಲ್ಲ ಎಚ್ಚರಿಕೆ ಹೇಳುವವಳ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

“ಮಿಷನ್ ಬಿಟ್ಟು ನಾನು ಎಲ್ಲಿಗೂ ಬರಲ್ಲ ಕಣೆ,” ಎನ್ನುತ್ತಿದ್ದಳು ಅತ್ತೆ.

ಹಿಂದಿನ ಪ್ರವಾಹದಲ್ಲಿ ಅವಳು ಮಿಷನ್ನನ್ನು ಮಂಚಕ್ಕೇರಿಸಿ ತಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನೀರು ಮಂಚದ ಹಲಗೆ ಮುಟ್ಟುವಷ್ಟರಲ್ಲಿ ದೋಣಿಯವನು ಬಂದದ್ದು ಪುಣ್ಯ. ಇನ್ನೊಮ್ಮೆ ದೋಣಿ ತಡವಾದರೆ? ಸೊಸೆಗೆ ಅದೇ ಚಿಂತೆ. ದಿನಾ ಜಗಳವಾಡಿದರೂ ಅತ್ತೆಯೆಂದರೆ ಅವಳಿಗೆ ಪ್ರಾಣ.

ಕೊನೆಗೆ ಅವಳು ಮುಖ್ಯೋಪಾಧ್ಯಾಯರನ್ನು ಕಾಡಿ ಬೇಡಿ ಮಹಡಿಯಲ್ಲಿ ಒಂದು ಮೂಲೆ ಪಡೆದಳು. ಅತ್ತೆ ದಾರ ತರಲು ಹೋದ ಸಮಯ ನೋಡಿ, ನಾಲ್ಕು ಜನರನ್ನು ಸೇರಿಸಿ ಮಿಷನ್ನನ್ನು ಅಲ್ಲಿಗೆ ಸಾಗಿಸಿಬಿಟ್ಟಳು. ಅತ್ತೆ ಕೆಂಡಾಮಂಡಲವಾದಳು, ಮಾತು ಬಿಟ್ಟಳು. ಆದರೆ ಕೈ ಸುಮ್ಮನಿರಬೇಕಲ್ಲ? ಗೊಣಗುತ್ತಲೇ ಮೆಟ್ಟಿಲು ಹತ್ತಿದಳು. ಮೇಲೆ ಗಾಳಿ ಬೆಳಕು ಧಾರಾಳ, ಹರಟೆಗೆ ಕಿಟಕಿ ಬೇರೆ. ಅಳತೆ ಕೊಡಲು, ಗುಂಡಿ ಹಾಕಿಸಲು ಹತ್ತಿ ಇಳಿದು ಕೇರಿಯವರಿಗೆಲ್ಲ ಶಾಲೆಯ ದಾರಿ ಸ್ವಂತ ಹಿತ್ತಲಿನಷ್ಟು ಪರಿಚಯವಾಯಿತು.

ಒಂದು ಮಧ್ಯಾಹ್ನ ನದಿ ನಿಜಕ್ಕೂ ಏರಿತು. ಅತ್ತೆ ಮನೆಗೆ ಬಂದು ಉಂಡು ಅಡ್ಡಾಗುವ ಹೊತ್ತು ಅದು. ಕೇರಿ ಖಾಲಿಯಾಗುವ ತನಕ ಸೊಸೆ ಸೈರನ್ ಬಿಟ್ಟು ಹೋಗುವಂತಿರಲಿಲ್ಲ. ಕೈ ಹಿಡಿಕೆಯ ಮೇಲೆ, ಜೀವವೆಲ್ಲ ಮನೆಯಲ್ಲಿ. ಕೊನೆಯವರೂ ಹೊರಟ ಮೇಲೆ ಮೊಣಕಾಲುದ್ದದ ನೀರಲ್ಲಿ ಎದ್ದುಬಿದ್ದು ಓಡಿದಳು. ಬಾಗಿಲಿಗೆ ಹೊರಗಿನಿಂದ ಬೀಗ. ಅತ್ತೆ ಎಲ್ಲಿ ಹೋದಳೋ ಎಂದು ಹುಡುಕುತ್ತ ಶಾಲೆಯತ್ತ ತಿರುಗಿದಳು.

ಶಾಲೆಯ ಮೆಟ್ಟಿಲಲ್ಲಿ ಅವಳ ಕಿವಿಗೆ ಬಿದ್ದದ್ದು ಮಿಷನ್ನಿನ ಟಕಟಕ. ಅಷ್ಟು ಇಂಪಾದ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

“ಎಲ್ಲಿ ಹೋಗಿದ್ದೆ ಇಷ್ಟೊತ್ತು?” ಅತ್ತೆ ಗದರಿದಳು. “ನಾನು ಎಲ್ಲರಿಗಿಂತ ಮೊದಲು ಬಂದು ಕೂತಿದೀನಿ.”

“ನೀವಾ? ಸೈರನ್ ಕೇಳಿದ ತಕ್ಷಣಾನಾ?”

“ಮತ್ತೆ? ಮಿಷನ್ ಇಲ್ಲಿ ಒಂಟಿಯಾಗಿತ್ತಲ್ಲ.”

ಮಹಡಿಗೆ ಮಹಡಿಯೇ ಗೊಳ್ಳೆಂದು ನಕ್ಕಿತು. ಸೊಸೆ ನಗಲು ಹೋಗಿ ಅತ್ತುಬಿಟ್ಟಳು. ಹಿಡಿಕೆ ತಿರುಗಿಸಿ ತಿರುಗಿಸಿ ಅವಳ ರವಿಕೆಯ ತೋಳಿನ ಹೊಲಿಗೆ ಬಿಚ್ಚಿಹೋಗಿತ್ತು. ಅತ್ತೆ ಅವಳನ್ನು ಹತ್ತಿರ ಎಳೆದು ಸೂಜಿಗೆ ದಾರ ಪೋಣಿಸಿದಳು.

“ಅಲ್ಲಾಡಬೇಡ. ಇಷ್ಟೊತ್ತು ಒಂದು ಹೊಲಿಗೇನೂ ನೆಟ್ಟಗೆ ಬಿದ್ದಿಲ್ಲ, ನೀನು ಬರಲಿಲ್ಲ ಅಂತ ಕಣ್ಣೆಲ್ಲ ಮೆಟ್ಟಿಲ ಮೇಲೇ ಇತ್ತು. ಈಗ ಬೀಳುತ್ತೆ ನೋಡು.”