ಐದು ಸೆಂಟ್ಸ್ ಹಸಿರು

ಮನೋರಮಾ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ನಮ್ಮ ಕಡೆ ಒಂದು ಸುಳ್ಳಿಗೂ ಒಂದು ಸಮಿತಿ ಹುಟ್ಟಿಕೊಳ್ಳುತ್ತದೆ. ಕಾಪುವಿನಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಗೊತ್ತಿರಬೇಡವೇ!

ಕಾರ್ಕಳ ತಾಲೂಕಿನ ಭೂಬಳಕೆ ನಕ್ಷೆ ತಯಾರಿಸುವ ಕೆಲಸ ಅವಳದು. ಅಜೆಕಾರಿನ ಗುಡ್ಡದಲ್ಲಿ ದುಂಡಗೆ ನೆಟ್ಟ ಕಲ್ಲುಗಳಿದ್ದವು. ಎರಡು ಸಾವಿರ ವರ್ಷ ಹಳೆಯ ಸಮಾಧಿ. ಹೊಸ ರಸ್ತೆ ಅವುಗಳ ಮೇಲೆಯೇ ಹಾಯುವುದಿತ್ತು. ಇತಿಹಾಸ ಅಂದರೆ ಯಾರು ಕೇಳುತ್ತಾರೆ ಎಂದುಕೊಂಡು ಅವಳು ಗುಡ್ಡದ ಪಕ್ಕದ ಮನೆಯ ಮುದ್ದಣ್ಣ ಶೆಟ್ಟರ ಕಿವಿಯಲ್ಲಿ, "ಇಲ್ಲಿ ದೇವರು ಉಂಟು" ಎಂದುಬಿಟ್ಟಳು. ಊರೇ ಎದ್ದು ನಿಂತಿತು, ರಸ್ತೆ ಅತ್ತ ಸರಿಯಿತು. ಮನೋರಮಾ ಕರಡು ನಕ್ಷೆಯಲ್ಲಿ ಆ ಐದು ಸೆಂಟ್ಸ್ ಜಾಗಕ್ಕೆ ಹಸಿರು ಬಳಿದು ಹಿಗ್ಗಿದಳು. ಹಸಿರೆಂದರೆ ಅಲ್ಲಿ ಏನನ್ನೂ ಕಟ್ಟುವಂತಿಲ್ಲ.

ಸ್ವಲ್ಪ ದಿನದಲ್ಲೇ ಶೆಟ್ಟರ ಫೋನು ಬಂತು. "ಮೇಡಂ, ಜೀರ್ಣೋದ್ಧಾರ ಸಮಿತಿ ಆಯ್ತು. ನಾನೇ ಅಧ್ಯಕ್ಷ. ನಾಳೆ ಜೆಸಿಬಿ ಬರ್ತದೆ. ನೆಲ ಸಮತಟ್ಟು ಮಾಡಿ ಗ್ರಾನೈಟ್ ಹಾಸುವುದು. ನೀವು ಬರಲೇಬೇಕು."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು!

ಮರುದಿನ ಜೆಸಿಬಿ ಗುಡ್ಡ ಹತ್ತುವಾಗ ಅವಳು ಕಲ್ಲುಗಳ ಮುಂದೆ ಕೈ ಅಗಲಿಸಿ ನಿಂತಿದ್ದಳು. ನಕ್ಷೆ ತೋರಿಸಿದಳು, ಕಾನೂನು ಹೇಳಿದಳು.

"ದೇವರ ಕೆಲಸಕ್ಕೆ ಎಂತ ನಕ್ಷೆ ಮಾರಾಯ್ರೆ?" ಎಂದರು ಶೆಟ್ಟರು.

"ದೇವರಲ್ಲ!" ಅವಳಿಗೆ ಅಳುವೇ ಬಂತು. "ನಾನು ಸುಳ್ಳು ಹೇಳಿದ್ದು. ಇದು ಸತ್ತವರನ್ನು ಇಟ್ಟ ಜಾಗ. ಈ ಊರಲ್ಲಿ ನಿಮಗಿಂತ ಎಷ್ಟೋ ಮೊದಲು ಬಾಳಿದವರನ್ನು."

ಜೆಸಿಬಿ ಸದ್ದು ನಿಂತಿತು. ಇನ್ನು ಬೈಗುಳವೇ ಗತಿ ಎಂದು ಅವಳು ತಲೆ ತಗ್ಗಿಸಿದಳು. ಶೆಟ್ಟರು ಹೆಗಲ ಬೈರಾಸನ್ನು ತೆಗೆದು, ಗುಡಿಯ ಮುಂದೆ ನಿಂತವರ ಹಾಗೆ, ಮೆಲ್ಲಗೆ ಸೊಂಟಕ್ಕೆ ಸುತ್ತಿಕೊಂಡರು.

"ಹಾಗಾದ್ರೆ ನಮ್ಮ ಹಿರಿಯರೇ ಅಲ್ವಾ? ಹಿರಿಯರ ಎದೆ ಮೇಲೆ ಗ್ರಾನೈಟ್ ಹಾಸ್ಲಿಕ್ಕುಂಟಾ? ಅವರಿಗೆ ಮನೆಯ ಹಿರಿಯರಿಗೆ ಆಟಿಯಲ್ಲಿ ಮಾಡಿದ ಹಾಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಿ, ಸುಮ್ಮನೆ ಈಚೆ ಬರುವುದು. ನಿಮ್ಮ ಹಸಿರು ಬಣ್ಣ ಗಟ್ಟಿ ಮಾಡಿ ಮೇಡಂ."

ಅಯ್ಯೋ, ಇದನ್ನು ಮೊದಲೇ ಹೇಳಿದ್ದರಾಗುತ್ತಿತ್ತಲ್ಲ ಎಂದು ಮನೋರಮಾಗೆ ನಾಚಿಕೆಯಾಯಿತು.

"ಆದರೆ ಬಡಿಸುವುದು ಯಾರು?" ಸಮಿತಿಯವರೊಬ್ಬರು ಕೇಳಿದರು. ಎಲ್ಲರೂ ಅವಳನ್ನೇ ನೋಡಿದರು.

"ಮಲಗಿದ್ದವರನ್ನು ಎಬ್ಬಿಸಿದ್ದು ನೀವೇ ಅಲ್ವಾ?" ಎಂದರು ಶೆಟ್ಟರು.

ಅಂತಿಮ ನಕ್ಷೆಯಲ್ಲಿ ಹಸಿರು ಉಳಿಯಿತು. ಮಳೆ ಸುರಿಯುವ ಆಟಿ ತಿಂಗಳಲ್ಲಿ, ಹಿರಿಯರಿಗೆ ಬಡಿಸುವ ದಿನ, ಮನೋರಮಾ ಕಾಪುವಿನಿಂದ ಬಸ್ಸಿನಲ್ಲಿ ಕೋಳಿ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಎರಡು ಸಾವಿರ ವರ್ಷದ ಹಸಿವು ನೋಡಿ, ದೊಡ್ಡ ಪಾತ್ರೆಯನ್ನೇ ತಂದಿದ್ದಳು.